ಹೊಗೆ ಪ್ರಮಾಣಪತ್ರಕ್ಕಾಗಿ ಕಾರ್ಬೊರೇಟರ್ ಕೆಡಿಸುವುದು ನಿಲ್ಲಲಿ

ಮಾನ್ಯ ಸಂಪಾದಕರೇ,

ಹಳೆಯ ಟು-ಸ್ಟ್ರೋಕ್ ಬೈಕುಗಳನ್ನೆಲ್ಲ ರಸ್ತೆಯಿಂದ ತೆಗೆದುಹಾಕಬೇಕೆಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದುದನ್ನು ಗಮನಿಸಿದೆ. ಅವರ ಆಕ್ಷೇಪದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಈ ಎಂಜಿನಿನಲ್ಲಿ ಸುಟ್ಟ ಅನಿಲವನ್ನು ಹೊರದೂಡುವ ಕೆಲಸವನ್ನು ಒಳಗೆ ಬರುವ ಪೆಟ್ರೋಲ್-ಗಾಳಿಯ ಹೊಸ ಮಿಶ್ರಣವೇ ಮಾಡಬೇಕಾಗಿರುವುದರಿಂದ ಅದರ ಒಂದು ಪಾಲು ಉರಿಯದೆಯೇ ಸೈಲೆನ್ಸರಿಗೆ ಹೋಗುತ್ತದೆ. ಯಾವ ಟ್ಯೂನಿಂಗೂ ಇದನ್ನು ಪೂರ್ತಿಯಾಗಿ ತಡೆಯಲಾರದು. ಆದರೆ ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ ಇಂದಿಗೂ ತೋಟದಿಂದ ಪೇಟೆಗೆ ಓಡಾಡುತ್ತಿರುವ ಯೆಜ್ಡಿ, ಜಾವಾ, ಆರ್‌ಎಕ್ಸ್ 100 ಬೈಕುಗಳ ಎಂಜಿನುಗಳನ್ನು ಕೊಲ್ಲುತ್ತಿರುವುದು ಅವುಗಳ ವಯಸ್ಸಿಗಿಂತ ಹೆಚ್ಚಾಗಿ ಹೊಗೆ ತಪಾಸಣೆಯ ಹಿಂದಿನ ದಿನ, ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸುವ ಕಾರ್ಬೊರೇಟರಿನ ಮೇಲೆ ನಡೆಯುವ ಕೈಚಳಕ ಎಂಬುದನ್ನು ತಮ್ಮ ಓದುಗರ ಗಮನಕ್ಕೆ ತರಬಯಸುತ್ತೇನೆ.

ತಪಾಸಣಾ ಕೇಂದ್ರದಲ್ಲಿ ಬೈಕನ್ನು ಐಡ್ಲಿಂಗಿನಲ್ಲಿ, ಅಂದರೆ ಆ್ಯಕ್ಸಿಲರೇಟರ್ ಕೊಡದೆ ನಿಂತಲ್ಲೇ ಓಡಿಸಿ ಪರೀಕ್ಷಿಸುತ್ತಾರೆ. 2000ದ ಮಾರ್ಚ್ 31ರವರೆಗೆ ತಯಾರಾದ ದ್ವಿಚಕ್ರ ವಾಹನಗಳಿಗೆ ಕೇಂದ್ರ ಮೋಟಾರು ವಾಹನ ನಿಯಮಗಳು ಕಾರ್ಬನ್ ಮಾನಾಕ್ಸೈಡಿಗೆ ಶೇ 4.5 ಮತ್ತು ಹೈಡ್ರೋಕಾರ್ಬನಿಗೆ 9,000 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 9,000 ಭಾಗ) ಮಿತಿ ಇಟ್ಟಿವೆ. ಉದಾರವಾದ ಮಿತಿಯೇ ಇದು. ಆದರೂ ತಪಾಸಣೆಯಲ್ಲಿ ಫೇಲಾಗುವ ಭಯಕ್ಕೆ ಮೆಕ್ಯಾನಿಕರು ಕಾರ್ಬೊರೇಟರಿಗೆ ಗಾಳಿ ಬಿಡುವ ಏರ್ ಸ್ಕ್ರೂವನ್ನು ಒಂದೆರಡು ಸುತ್ತು ಹೊರಗೆ ತಿರುಗಿಸಿ, ಗಾಳಿ ಹೆಚ್ಚು ಪೆಟ್ರೋಲ್ ಕಡಿಮೆ ಎಂಬಂತೆ ಮಿಶ್ರಣವನ್ನು ಲೀನ್ ಮಾಡಿ ಕಳುಹಿಸುತ್ತಾರೆ. ಮಾನಾಕ್ಸೈಡಿನ ಅಂಕಿ ಇಳಿಯುತ್ತದೆ, ಪ್ರಮಾಣಪತ್ರ ಸಿಗುತ್ತದೆ, ಸ್ಕ್ರೂ ಮಾತ್ರ ಹಿಂದಿನ ಜಾಗಕ್ಕೆ ಮರಳುವುದಿಲ್ಲ. ಜನರಿಗೆ ಕಿರಿಕಿರಿಯಾಗುವ ನೀಲಿ ಹೊಗೆಯಾದರೂ ಇದರಿಂದ ಕಡಿಮೆಯಾಗುವುದೇ ಎಂದರೆ ಅದೂ ಇಲ್ಲ, ಏಕೆಂದರೆ ಆ ಹೊಗೆ ಆಯಿಲಿನದು. ಅಳತೆ ಮೀರಿ ಸುರಿದ ಆಯಿಲ್, ಸೈಲೆನ್ಸರಿನಲ್ಲಿ ಕಟ್ಟಿಕೊಂಡ ಜಿಡ್ಡು, ಕ್ರ್ಯಾಂಕಿನ (ಎಂಜಿನಿನ ತಿರುಗುವ ದಂಡದ) ಸವೆದ ಸೀಲಿನ ಮೂಲಕ ಗೇರ್‌ಬಾಕ್ಸಿನಿಂದ ಒಳನುಗ್ಗುವ ಆಯಿಲ್, ಇವು ಯಾವುವೂ ಏರ್ ಸ್ಕ್ರೂವಿನ ಮಾತು ಕೇಳುವಂಥವಲ್ಲ.

ಏರ್ ಸ್ಕ್ರೂ ಮತ್ತು ಐಡ್ಲಿಂಗಿಗೆ ಪೆಟ್ರೋಲ್ ಕೊಡುವ ಸಣ್ಣ ರಂಧ್ರವಾದ ಪೈಲಟ್ ಜೆಟ್ಟಿನ ಪ್ರಭಾವ ಆ್ಯಕ್ಸಿಲರೇಟರ್ ಸುಮಾರು ಎಂಟನೇ ಒಂದು ಭಾಗ ತೆರೆಯುವವರೆಗೆ ಮಾತ್ರ ಮುಖ್ಯ. ಅಲ್ಲಿಂದ ಮುಂದೆ ಆ್ಯಕ್ಸಿಲರೇಟರಿನೊಡನೆ ಮೇಲೇರುವ ಸ್ಲೈಡಿನ ಕೆಳಅಂಚಿನ ಕಟಾವು, ಬಳಿಕ ಮುಕ್ಕಾಲು ಭಾಗದವರೆಗೆ ಅದಕ್ಕೆ ತೂಗಿದ ಸೂಜಿಯಾದ ನೀಡಲ್, ಕೊನೆಗೆ ದೊಡ್ಡ ರಂಧ್ರದ ಮೇನ್ ಜೆಟ್ ಮಿಶ್ರಣವನ್ನು ನಿರ್ಧರಿಸುತ್ತವೆ. ಹಾಗಿದ್ದರೆ ಐಡ್ಲಿಂಗನ್ನು ಲೀನ್ ಮಾಡಿದರೆ ಏನು ನಷ್ಟ ಎಂದು ಕೇಳಬಹುದು. ಉತ್ತರ ಸಂಪಾಜೆ ಘಾಟಿಯಲ್ಲಿದೆ. ಯೆಜ್ಡಿಯಂಥ ಬೈಕುಗಳಲ್ಲಿ ಪಿಸ್ಟನಿಗೂ ಕ್ರ್ಯಾಂಕಿನ ಬೇರಿಂಗುಗಳಿಗೂ ಬೇಕಾದ ಆಯಿಲ್ ಪೆಟ್ರೋಲಿನ ಜೊತೆಗೇ ಬರಬೇಕು. ಮಡಿಕೇರಿಯಿಂದ ಇಳಿಯುವಾಗ ಆ್ಯಕ್ಸಿಲರೇಟರ್ ಮುಚ್ಚಿರುತ್ತದೆ, ಎಂಜಿನ್ ಗೇರಿನ ಬಲದಿಂದ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲ್ ಬರುವುದು ಆ ಪುಟ್ಟ ಪೈಲಟ್ ಜೆಟ್ಟಿನಿಂದ ಮಾತ್ರ. ಅದನ್ನೂ ಲೀನ್ ಮಾಡಿಟ್ಟರೆ ಪಿಸ್ಟನ್ ಸೀಜ್ ಆಗಲು, ಅಂದರೆ ಸಿಲಿಂಡರಿನಲ್ಲಿ ಸಿಕ್ಕಿಕೊಳ್ಳಲು, ಬೇರೆ ಕಾರಣ ಬೇಕಿಲ್ಲ. ಹಿಂದಿನ ಸವಾರರು ಇಳಿಜಾರಿನಲ್ಲಿ ನಡುನಡುವೆ ಕ್ಲಚ್ ಹಿಡಿದು ಆ್ಯಕ್ಸಿಲರೇಟರ್ ಕೊಡುತ್ತಿದ್ದುದು ಗತ್ತಿಗಾಗಿಯಲ್ಲ, ಎಂಜಿನಿಗೆ ಆಯಿಲ್ ಉಣಿಸುವುದಕ್ಕಾಗಿ.

ಇನ್ನು ಪೆಟ್ರೋಲಿನ ವಿಷಯ. 2022ರಲ್ಲಿ ಶೇ 10ಕ್ಕೆ ಮುಟ್ಟಿದ ಎಥನಾಲ್ ಪ್ರಮಾಣ ಈಗ ಶೇ 20 ಆಗಿದೆ. ಒಂದು ಕಿಲೋ ಶುದ್ಧ ಪೆಟ್ರೋಲ್ ಉರಿಯಲು 14.7 ಕಿಲೋ ಗಾಳಿ ಬೇಕಾದರೆ ಎಥನಾಲಿಗೆ ಸುಮಾರು 9 ಕಿಲೋ ಸಾಕು. ಶೇ 20ರ ಮಿಶ್ರಣಕ್ಕೆ ಸುಮಾರು 13.5 ಕಿಲೋ, ಅಂದರೆ ಅಷ್ಟೇ ಗಾಳಿಗೆ ಈಗ ಹೆಚ್ಚು ಪೆಟ್ರೋಲ್ ಬೇಕು. ಇಂದಿನ ಬೈಕುಗಳ ಫ್ಯೂಯೆಲ್ ಇಂಜೆಕ್ಷನ್ ಇದನ್ನು ತಾನೇ ಅರಿತು ಸರಿಪಡಿಸಿಕೊಳ್ಳುತ್ತದೆ. ಜೆಟ್ಟಿನ ರಂಧ್ರಕ್ಕೆ ಆ ವಿವೇಕವಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಲ್ಲಿಂದ ಹೊರಬಂದ ಯಾವ ಬೈಕಿನ ಜೆಟ್ಟೂ ಈ ಪೆಟ್ರೋಲಿಗೆ ಲೆಕ್ಕ ಹಾಕಿದ್ದಲ್ಲ. ಅಂದರೆ ಯಾರೂ ಕೈ ಹಾಕದಿದ್ದರೂ ಈ ಬೈಕುಗಳು ಈಗಾಗಲೇ ಲೀನ್ ಆಗಿವೆ, ಅದರ ಮೇಲೆ ತಪಾಸಣೆಗೆಂದು ಇನ್ನಷ್ಟು ಲೀನ್. ಮಳೆಗಾಲದಲ್ಲಿ ಮತ್ತೊಂದು ತೊಂದರೆ ಸೇರಿಕೊಳ್ಳುತ್ತದೆ. ಎಥನಾಲ್ ನೀರನ್ನು ಹೀರುವುದರಿಂದ, ವಾರಗಟ್ಟಲೆ ನಿಂತ ಬೈಕಿನ ಟ್ಯಾಂಕಿಗೆ ನೀರು ಸೇರಿದರೆ ಎಥನಾಲೂ ನೀರೂ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಆಯಿಲ್ ಮೇಲಿನ ಪೆಟ್ರೋಲಿನಲ್ಲಿಯೇ ಉಳಿಯುತ್ತದೆ. ಸ್ಟಾರ್ಟ್ ಮಾಡಿದಾಗ ಕಾರ್ಬೊರೇಟರಿಗೆ ಮೊದಲು ಇಳಿಯುವುದು ಆಯಿಲಿಲ್ಲದ ಆ ತಳದ ದ್ರವ.

ನಮ್ಮ ಕಡೆಗೆ ಮಾತ್ರ ವಿಶೇಷವಾದ ಒಂದು ಸಂಗತಿಯನ್ನೂ ಹೇಳಬೇಕು. ಇಲ್ಲಿನ ಹಳೆಯ ಬೈಕುಗಳಲ್ಲಿ ಹಲವು ಮೈಸೂರು, ಬೆಂಗಳೂರು, ಮಡಿಕೇರಿಯಿಂದ ಕೊಂಡು ತಂದವು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಮಡಿಕೇರಿ ಅದಕ್ಕೂ ಮೇಲೆ. ಅಲ್ಲಿನ ತೆಳು ಗಾಳಿಗೆ ಸರಿಯಾಗಿ ಟ್ಯೂನ್ ಆದ ಕಾರ್ಬೊರೇಟರ್ ಕುಂಬಳೆ, ಮಂಜೇಶ್ವರದ ದಟ್ಟ ಗಾಳಿಯಲ್ಲಿ ಲೀನ್ ಆಗಿಯೇ ನಡೆಯುತ್ತದೆ. ಮಾರುವವರು ಇದನ್ನು ಹೇಳುವುದಿಲ್ಲ, ಕೊಳ್ಳುವವರು ಕೇಳುವುದೂ ಇಲ್ಲ.

ಪರಿಹಾರ ದುಬಾರಿಯದಲ್ಲ. ಮೊದಲು ಕಾರ್ಬೊರೇಟರಿನ ಬುಡದ ಗ್ಯಾಸ್ಕೆಟಿನಲ್ಲಿ, ಕ್ರ್ಯಾಂಕಿನ ಸೀಲುಗಳಲ್ಲಿ ಗಾಳಿ ಸೋರುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಸೋರಿಕೆ ಇರುವಾಗ ಮಾಡಿದ ಟ್ಯೂನಿಂಗ್ ನೀರಿನಲ್ಲಿ ಮಾಡಿದ ಹೋಮ. ಬಳಿಕ ಮೇನ್ ಜೆಟ್ಟನ್ನು ಒಂದೆರಡು ನಂಬರ್ ಹೆಚ್ಚಿಸಿ, ನೀಡಲಿನ ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿ ನೋಡಬೇಕು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಪೂರ್ತಿ ಆ್ಯಕ್ಸಿಲರೇಟರಿನಲ್ಲಿ ಸ್ವಲ್ಪ ದೂರ ಓಡಿಸಿ, ಕ್ಲಚ್ ಹಿಡಿದು ಅಲ್ಲಿಯೇ ಆಫ್ ಮಾಡಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ಬಣ್ಣ ನೋಡುವುದು ಹಳೆಯ ಪದ್ಧತಿ. ಇದಕ್ಕೆ ಸಂಚಾರವಿಲ್ಲದ ನೇರ ರಸ್ತೆ ಬೇಕು, ನಮ್ಮ ಒಳನಾಡಿನಲ್ಲಿ ಅದೇ ದುರ್ಲಭ. ಕಂದು ಬಣ್ಣ ಸರಿ, ಕರಿ ಜಿಡ್ಡು ಇದ್ದರೆ ರಿಚ್ (ಪೆಟ್ರೋಲ್ ಹೆಚ್ಚು), ಬಿಳಿಚಿಕೊಂಡಿದ್ದರೆ ಲೀನ್, ಅಪಾಯ. ಹೊಗೆ ಕಡಿಮೆಯಾಗಲೆಂದು ಆಯಿಲನ್ನು ಕಡಿತಗೊಳಿಸುವುದೂ, ಎಂಜಿನಿಗೆ ಒಳ್ಳೆಯದೆಂದು ಹೆಚ್ಚು ಸುರಿಯುವುದೂ ಸಮಾನ ತಪ್ಪು. ಆಯಿಲ್ ಹೆಚ್ಚಾದಷ್ಟೂ ಅದೇ ಜೆಟ್ಟಿನಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗಿ ಮಿಶ್ರಣ ಮತ್ತೆ ಲೀನ್ ಆಗುತ್ತದೆ ಎಂಬುದನ್ನು ಅನುಭವಿ ಮೆಕ್ಯಾನಿಕರೂ ಬೇಗ ಒಪ್ಪುವುದಿಲ್ಲ.

ಆದ್ದರಿಂದ, ತಪಾಸಣೆಗೆಂದು ಸ್ಕ್ರೂ ತಿರುಗಿಸಿದ ಮೆಕ್ಯಾನಿಕರು ಎಷ್ಟು ಸುತ್ತು ತಿರುಗಿಸಿದರೆಂಬುದನ್ನು ಮಾಲಕನಿಗೆ ಬರೆದುಕೊಡುವ ರೂಢಿಯಾದರೂ ಬರಲಿ. ಪೆಟ್ರೋಲ್ ಬಂಕುಗಳಲ್ಲಿ ಎಥನಾಲಿನ ಪ್ರಮಾಣವನ್ನು, ಭಾಷಾ ಅಲ್ಪಸಂಖ್ಯಾತ ಪ್ರದೇಶವಾದ ನಮ್ಮ ತಾಲೂಕುಗಳಲ್ಲಿ ಮಲಯಾಳದ ಜೊತೆಗೆ ಕನ್ನಡದಲ್ಲಿಯೂ, ಕಣ್ಣಿಗೆ ಕಾಣುವಂತೆ ಬರೆಯುವ ವ್ಯವಸ್ಥೆಯನ್ನು ತೈಲ ಕಂಪನಿಗಳೂ ಜಿಲ್ಲಾಡಳಿತವೂ ಮಾಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇತಿ,
ಓರ್ವ ಅಡಿಕೆ ಕೃಷಿಕ, ಪೆರ್ಲ, ಕಾಸರಗೋಡು