ದೊಡ್ಡ ಫರ್ನೇಸ್ ಬಂದ್ ಮತ್ತು ಹೊಸ ದರ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರಿಗೆ ನಮಸ್ಕಾರಗಳು.

ಬರುವ ಸೋಮವಾರದಿಂದ ಶನಿವಾರದವರೆಗೆ ನಮ್ಮ ದೊಡ್ಡ ವಿದ್ಯುತ್ ಫರ್ನೇಸ್ ದುರಸ್ತಿಗಾಗಿ ಬಂದ್ ಇರುತ್ತದೆ. ಅದು ಮತ್ತೆ ಚಾಲೂ ಆದ ದಿನದಿಂದ ಹಾರ್ಡನಿಂಗ್ (ಉಕ್ಕನ್ನು ಕಾಯಿಸಿ ಗಡಸು ಮಾಡುವ) ದರ ಕಿಲೋಗೆ 2 ರೂಪಾಯಿ ಹೆಚ್ಚಾಗುತ್ತದೆ. ಇತ್ತೀಚೆಗೆ ನಿಮ್ಮ ಜಾಬ್‌ಗಳು ತಡವಾಗಿ ಕೈಸೇರುತ್ತಿರುವುದಕ್ಕೆ ಮನಃಪೂರ್ವಕ ಕ್ಷಮೆ ಕೋರುತ್ತೇವೆ. ಆದರೆ ವೈರಿಂಗ್ ಬದಲಿಸಿದರೆ ಸಾಕು, ದರ ಏರಿಸಬೇಕಿಲ್ಲ ಎಂದು ಉದ್ಯಮಬಾಗದಲ್ಲಿ ಹಬ್ಬಿರುವ ಮಾತಿಗೆ ಉತ್ತರ ಕೊಡದೆ ಸುಮ್ಮನಿರಲಾಗದು.

ಅಮೆರಿಕದಲ್ಲಿ ತಯಾರಾದ ಈ ಫರ್ನೇಸ್ 480 ವೋಲ್ಟಿನ ತ್ರೀ ಫೇಸ್ ಲೈನಿಗೆಂದು ಮಾಡಿದ್ದು. ನಮ್ಮಲ್ಲಿ ಸಿಗುವುದು 415 ವೋಲ್ಟ್. ಎಲಿಮೆಂಟ್ (ಕಾಯುವ ತಂತಿ) ಕೊಡುವ ಶಾಖ ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿ ಇಳಿಯುವುದರಿಂದ, ನಾಮಫಲಕದಲ್ಲಿ 36 ಕಿಲೋವ್ಯಾಟ್ ಎಂದಿದ್ದರೂ ಇಲ್ಲಿ ದೊರೆಯುತ್ತಿರುವುದು ಸುಮಾರು 27 ಮಾತ್ರ. ಉಷ್ಣತೆ ಏರಿದಂತೆ ಗೋಡೆ, ಬಾಗಿಲುಗಳಿಂದ ಸೋರುವ ಶಾಖವೂ ಹೆಚ್ಚುತ್ತದೆ. ಹೀಗಾಗಿ 750ರಿಂದ 850 ಡಿಗ್ರಿ ಮುಟ್ಟುವಷ್ಟರಲ್ಲಿ ಕಂಟ್ರೋಲರ್‌ನ ಉಷ್ಣತೆಯ ಅಂಕಿ ತೆವಳತೊಡಗುತ್ತದೆ, ಜಾಬ್‌ಗಳು ತಡವಾಗುತ್ತಿರುವುದು ಇದರಿಂದಲೇ. ಗಡಸುತನಕ್ಕೆ ಇದರಿಂದ ಬಾಧೆಯಿಲ್ಲ. ಥರ್ಮೋಕಪಲ್ ನಿಗದಿತ ಉಷ್ಣತೆ ತೋರಿಸಿದ ಮೇಲೆಯೇ ಸೋಕಿಂಗ್ (ಅದೇ ಉಷ್ಣತೆಯಲ್ಲಿ ಇರಿಸುವ) ಸಮಯ ಎಣಿಸುತ್ತೇವೆ, ರಾಕ್‌ವೆಲ್ ಗಡಸುತನ ನೋಡದೆ ಯಾವ ಲಾಟನ್ನೂ ಹೊರಗೆ ಬಿಡುವುದಿಲ್ಲ.

"ಸ್ಟಾರ್ ತೆಗೆದು ಡೆಲ್ಟಾ ಮಾಡಿದರೆ ಮುಗಿಯಿತು, ವೈರ್‌ಮನ್‌ಗೆ ಅರ್ಧ ತಾಸಿನ ಕೆಲಸ, ಅದಕ್ಕೇಕೆ ದರ ಏರಿಕೆ?" ಎಂಬುದೇ ಆ ಮಾತು. ಎಲಿಮೆಂಟ್‌ಗಳನ್ನು ಜೋಡಿಸುವ ಎರಡು ಬಗೆ ಇವು: ಸ್ಟಾರ್‌ನಲ್ಲಿ ಪ್ರತಿ ಎಲಿಮೆಂಟಿಗೆ ಲೈನ್ ವೋಲ್ಟೇಜಿನ ಒಂದು ಭಾಗ ಮಾತ್ರ, ಡೆಲ್ಟಾದಲ್ಲಿ ಪೂರ್ತಿ ಸಿಗುತ್ತದೆ. 240 ವೋಲ್ಟಿನ ಡೆಲ್ಟಾ ಫರ್ನೇಸ್ ಆಗಿದ್ದರೆ ಜೋಡಣೆ ಬದಲಿಸಿ ಬಚಾವಾಗಬಹುದಿತ್ತು. ಅದನ್ನು ಸ್ಟಾರ್ ಮಾಡಿದರೆ 415 ವೋಲ್ಟಿನ ಲೈನಿನಲ್ಲೂ ಪ್ರತಿ ಎಲಿಮೆಂಟಿಗೆ 240 ವೋಲ್ಟೇ ಸಿಗುತ್ತದೆ. ನಮ್ಮದು ಮೊದಲೇ ಸ್ಟಾರ್. ಪ್ರತಿ ಎಲಿಮೆಂಟ್ 277 ವೋಲ್ಟಿಗೆ ಮಾಡಿದ್ದು; ಡೆಲ್ಟಾ ಮಾಡಿದರೆ ಅದರ ಮೇಲೆ ಪೂರ್ತಿ 415 ವೋಲ್ಟ್ ಬಿದ್ದು ಒಟ್ಟು ಶಕ್ತಿ 80 ಕಿಲೋವ್ಯಾಟ್ ದಾಟುತ್ತದೆ. ಎಲಿಮೆಂಟ್ ಸುಟ್ಟು ತುಂಡಾಗುವ ಹೊತ್ತಿಗೆ ಒಳಗಿರುವುದು ನಿಮ್ಮದೇ ಇಎನ್ 19 ಉಕ್ಕಿನ ಶಾಫ್ಟ್‌ಗಳು ಎಂಬುದನ್ನು ಈ ಸಲಹೆ ಕೊಟ್ಟವರು ದಯವಿಟ್ಟು ಯೋಚಿಸಬೇಕು.

ಆದ್ದರಿಂದ 415 ವೋಲ್ಟಿನಲ್ಲೇ ಪೂರ್ತಿ 36 ಕಿಲೋವ್ಯಾಟ್ ಸಿಗುವಂತೆ ಪ್ರತಿ ಫೇಸಿಗೆ 6.4 ಓಮ್ ಇದ್ದ ಎಲಿಮೆಂಟ್ ತೆಗೆದು 4.8 ಓಮ್‌ನದನ್ನು ಕೂಡಿಸುತ್ತಿದ್ದೇವೆ. ಇಂದು 37 ಆಂಪಿಯರ್ ಎಳೆಯುವ ಫರ್ನೇಸ್ ಆಗ 50 ಎಳೆಯುತ್ತದೆ. ನಾಮಫಲಕದ ಲೆಕ್ಕ 43 ಅಷ್ಟೇ. ಹಾಗಾಗಿ ಕೇಬಲ್, ಕಾಂಟ್ಯಾಕ್ಟರ್ (ಕರೆಂಟ್ ಕೊಟ್ಟು ನಿಲ್ಲಿಸುವ ಸ್ವಿಚ್), ಥೈರಿಸ್ಟರ್ (ಶಕ್ತಿ ನಿಯಂತ್ರಿಸುವ ಎಲೆಕ್ಟ್ರಾನಿಕ್ ಸ್ವಿಚ್) ಎಲ್ಲವನ್ನೂ ಬದಲಿಸಲೇಬೇಕು. 480ರಿಂದ 120ಕ್ಕೆ ಇಳಿಸುವ ಕಂಟ್ರೋಲ್ ಟ್ರಾನ್ಸ್‌ಫಾರ್ಮರ್ ಇಲ್ಲಿ 104 ವೋಲ್ಟ್ ಮಾತ್ರ ಕೊಡುತ್ತದೆ. ಲೈನ್ ತುಸು ಕುಸಿದರೂ ಕಾಂಟ್ಯಾಕ್ಟರ್ ಗರ್ರೆಂದು ಬಡಿದುಕೊಳ್ಳುವುದನ್ನು ನಮ್ಮಲ್ಲಿ ಬಂದವರು ಕೇಳಿಯೇ ಇದ್ದೀರಿ. ಮಂಜೂರಾದ ಲೋಡ್ ಹೆಚ್ಚಿಸಲು ಕಟ್ಟಿದ ಠೇವಣಿ ಬೇರೆ. ಆ 2 ರೂಪಾಯಿ ಹೋಗುವುದು ಇವಕ್ಕೇ ಹೊರತು ನಮ್ಮ ಜೇಬಿಗಲ್ಲ.

ತುರ್ತು ಡೈಗಳಿದ್ದರೆ ಈ ವಾರವೇ ತಂದುಕೊಡಿ. ಸಣ್ಣ ಫರ್ನೇಸ್ ರಾತ್ರಿ ಪಾಳಿಯಲ್ಲೂ ನಡೆಯುತ್ತದೆ, ಆ ಪಾಳಿಗೆ ನಾನೇ ಖುದ್ದಾಗಿ ನಿಲ್ಲುತ್ತೇನೆ. ಈಗಾಗಲೇ ಚಲನ್ ಆಗಿರುವ ಮಾಲಿಗೆ ಹಳೆಯ ದರವೇ ಅನ್ವಯಿಸುತ್ತದೆ.

ಇಂತಿ ತಮ್ಮ ವಿಶ್ವಾಸಿ,
ವ್ಯವಸ್ಥಾಪಕ ಪಾಲುದಾರ
ಉದ್ಯಮಬಾಗ, ಬೆಳಗಾವಿ