ಹಲ್ಲು, ಕೂದಲು, ಬೆವರು: ಮೂರನ್ನೂ ಒಟ್ಟಿಗೆ ನೋಡಿ

ಮಾನ್ಯ ಸಂಪಾದಕರೇ,

ಚಿತ್ರದುರ್ಗದಲ್ಲಿರುವ ನನ್ನ ತಂಗಿ ಮಗನಿಗೆ ಈಗ ಐದು ವರ್ಷ. ಮಂಡಕ್ಕಿ ಕೊಟ್ಟರೆ ಅಗಿಯೋದಿಲ್ಲ, ಮೆತ್ತಗಾಗುವ ತನಕ ಚೀಪಿ ನುಂಗುತ್ತಾನೆ. 20 ಹಾಲುಹಲ್ಲು ಇರಬೇಕಾದ ಬಾಯಲ್ಲಿ ಮೂರೇ ಹಲ್ಲು, ಅವೂ ಮೊಳೆಯ ಹಾಗೆ ಚೂಪು. "ಕೆಲವು ಮಕ್ಕಳಿಗೆ ತಡ, ಬರ್ತವೆ ಬಿಡಿ" ಅಂದರು. ನಂಬಿದೆವು. ಕೂದಲು ತೆಳು ಅಂತ ಎರಡು ಸಲ ಬೋಳಿಸಿ ಹರಳೆಣ್ಣೆ ಹಚ್ಚಿದ್ದೂ ಆಯ್ತು. ಜ್ವರಕ್ಕೆ ಮಾತ್ರ ಆಸ್ಪತ್ರೆ ಸುತ್ತಿ ಸುತ್ತಿ ಸಾಕಾಯ್ತು. ಏಪ್ರಿಲ್ ಬಿಸಿಲಿಗೆ ಮಗುವಿನ ಮೈ ಕೆಂಡದ ಹಾಗೆ ಸುಡೋದು, ರಕ್ತ ಪರೀಕ್ಷೆಯಲ್ಲಿ ಏನೂ ಸಿಗುತ್ತಿರಲಿಲ್ಲ, ಸಿರಪ್ ಬರೆದು ಕಳಿಸುತ್ತಿದ್ದರು. ಅವನ ಹಣೆ ಮೇಲೆ ಒಂದು ಹನಿ ಬೆವರೂ ಇಲ್ಲ ಅನ್ನೋದನ್ನು ಯಾರೂ ನೋಡಲಿಲ್ಲ. ನಾವೂ ನೋಡಲಿಲ್ಲ.

ಕೊನೆಗೆ ಹಲ್ಲಿನ ಡಾಕ್ಟರೊಬ್ಬರು ಬಾಯಿ ನೋಡಿ, ತಲೆ ಸವರಿ, "ಇವನಿಗೆ ಬೆವರು ಬರುತ್ತಾ?" ಅಂತ ಕೇಳಿದರು. ಆ ಒಂದು ಪ್ರಶ್ನೆ ನಮ್ಮನ್ನು ಮುಟ್ಟೋಕೆ ನಾಲ್ಕು ವರ್ಷ ಬೇಕಾಯ್ತು.

ಇದರ ಹೆಸರು ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯಾ. ಗರ್ಭದಲ್ಲಿರುವ ಮಗುವಿನ ಹೊರಪದರದಿಂದಲೇ ಹಲ್ಲು, ಕೂದಲು, ಉಗುರು, ಬೆವರಿನ ಗ್ರಂಥಿ ಎಲ್ಲಾ ಶುರುವಾಗುತ್ತವೆ, ಅದಕ್ಕೇ ತೊಂದರೆ ಒಟ್ಟಿಗೆ ಬರುತ್ತೆ. ಇದರಲ್ಲಿ ಬಗೆಗಳು ಬಹಳ. ನಮ್ಮ ಹುಡುಗನಿಗೆ ಇರೋದು ತಾಯಿ ಕಡೆಯಿಂದ ಬರುವಂಥದ್ದು, ಅಂಥ ತಾಯಿಗೆ ಹುಟ್ಟುವ ಪ್ರತಿ ಗಂಡುಮಗುವಿಗೂ ಬರುವ ಸಾಧ್ಯತೆ ಶೇ 50. ಡಾರ್ವಿನ್ 1875ರಲ್ಲೇ ಸಿಂಧ್‌ನ ಒಂದು ಮನೆತನದ ಹತ್ತು ಗಂಡಸರ ಬಗ್ಗೆ ಹೀಗೇ ಬರೆದಿದ್ದಾನೆ: ಹೆಣ್ಣುಮಕ್ಕಳಿಗೆ ಕಾಣೋದಿಲ್ಲ, ಅವರ ಗಂಡುಮಕ್ಕಳಿಗೆ ಬರುತ್ತೆ ಅಂತ. ಆದರೆ ತಾಯಂದಿರಲ್ಲೂ ಸುಳಿವು ಇರಬಹುದು. ನನ್ನ ತಂಗಿಗೆ ಎರಡು ಹಲ್ಲು ಹುಟ್ಟಲೇ ಇಲ್ಲ. ನಮ್ಮ ಅವ್ವನ ತಮ್ಮನಂತೂ ಬೇಸಿಗೆಯಲ್ಲಿ ಒದ್ದೆ ಟವೆಲ್ ತಲೆ ಮೇಲಿಂದ ತೆಗೆದವನಲ್ಲ, ಬಾಯಲ್ಲಿ ಹಲ್ಲೂ ಇರಲಿಲ್ಲ. ಮನೆಯಲ್ಲೇ ಇತ್ತು, ಜೋಡಿಸಿ ನೋಡಲಿಲ್ಲ ಅಷ್ಟೇ. ತಂಗಿಗೆ ಮಾತ್ರ "ಗ್ರಹಣದಲ್ಲಿ ಹೊರಗೆ ಬಂದಿದ್ದೆ" ಅಂತ ಬೈಗುಳ ಸಿಕ್ಕಿತು. ಆ ಮಾತು ನನಗೆ ಇವತ್ತಿಗೂ ನೋಯುತ್ತೆ.

ಬೆವರದ ಮಗುವಿಗೆ ಬಿಸಿಲು ನಿಜಕ್ಕೂ ಅಪಾಯ, ಸುಮ್ನೆ ಹೇಳ್ತಿಲ್ಲ. ಈಗ ಅವನ ಅಂಗಿ ಒದ್ದೆ ಮಾಡಿ ಹಾಕುತ್ತೇವೆ, ಮಧ್ಯಾಹ್ನ ಹೊರಗೆ ಬಿಡೋದಿಲ್ಲ. ಹಲ್ಲಿನ ಸೆಟ್ಟನ್ನು ಚಿಕ್ಕ ಮಕ್ಕಳಿಗೂ ಮಾಡಿಕೊಡುತ್ತಾರೆ, ಮಗು ಬೆಳೆದ ಹಾಗೆ ಬದಲಿಸಬೇಕು. ದಾವಣಗೆರೆಯಲ್ಲೇ ಎರಡು ಡೆಂಟಲ್ ಕಾಲೇಜುಗಳಿವೆ, ದೂರ ಹೋಗೋದೂ ಬೇಡ.

ಅಂಗನವಾಡಿಗೆ ತಪಾಸಣೆಗೆ ಬರುವ ತಂಡ ತೂಕ, ಎತ್ತರ ಬರೆದುಕೊಳ್ಳುತ್ತೆ, ಅಲ್ವಾ? ಅದರ ಜೊತೆಗೆ ಒಂದೂವರೆ ವರ್ಷವಾದರೂ ಹಲ್ಲು ಬಾರದ ಮಗುವಿನ ತಾಯಿಗೆ ಬೆವರಿನ ಬಗ್ಗೆಯೂ ಕೇಳಲಿ. ಎರಡೂ ಜಿಲ್ಲೆಗಳ ಆರೋಗ್ಯ ಅಧಿಕಾರಿಗಳು ಇಷ್ಟು ಹೇಳಿಕೊಡಬೇಕು ಅಂತ ಕೇಳಿಕೊಳ್ಳುತ್ತೇನೆ.

– ಒಬ್ಬ ಓದುಗರು, ದಾವಣಗೆರೆ