ಭಾನುವಾರ ಸ್ಯಾನ್ ಸ್ಟಾರ್ಮ್ ಸ್ಟಾರ್ಟ್ ಮಾಡ್ತೀವಿ, ಬನ್ನಿ

ಎಲ್ಲರಿಗೂ ನಮಸ್ಕಾರ. ಮಗಳೂ ನಾನೂ ಸೇರಿ ರಿಪೇರಿ ಮಾಡುತ್ತಿರುವ ಹಳೇ ಸ್ಯಾನ್ ಸ್ಟಾರ್ಮ್ ಕಾರಿನ ಎಂಜಿನ್ ಅನ್ನು ಈ ಭಾನುವಾರ ಬೆಳಿಗ್ಗೆ 10ಕ್ಕೆ ಸ್ಟಾರ್ಟ್ ಮಾಡುತ್ತೇವೆ. ಜಾಗ, ಚಿಕ್ಕಮಗಳೂರಿನ ಕಡೂರು ರಸ್ತೆಯ ನಮ್ಮ ಶೆಡ್.

ಗೋವಾದಲ್ಲಿ ತಯಾರಾದ ಎರಡು ಸೀಟಿನ ಗಾಡಿ ಇದು, 1149 ಸಿಸಿ ರೆನೋ ಎಂಜಿನ್. ಬಾಡಿ ಫೈಬರ್‌ಗ್ಲಾಸ್ ಆದ್ದರಿಂದ ಮಲೆನಾಡಿನ ಮಳೆಗೂ ತುಕ್ಕು ಹಿಡಿದಿಲ್ಲ. ಕೆಳಗಿನ ಚಾಸಿಗೇ ವೆಲ್ಡಿಂಗ್ ಜಾಸ್ತಿ ಬೇಕಾಯಿತು. ಹಳೇ ಪೆಟ್ರೋಲ್ ಇಳಿಸಿದ್ದು, ಬ್ರೇಕ್ ಆಯಿಲ್ ಬದಲಿಸಿದ್ದು ಎಲ್ಲಾ ಮಗಳೇ. ತುಂಬಾ ಹೆಮ್ಮೆ ನನಗೆ.

ಬೆಂಕಿ ಆರಿಸುವ ಸಿಲಿಂಡರ್ ಇದ್ದವರು ದಯವಿಟ್ಟು ತನ್ನಿ, ಪೆಟ್ರೋಲ್ ಪೈಪ್ ಹಳೇದು. ಮಕ್ಕಳಿಗೆ ಚಪ್ಪಲಿ ಬೇಡ, ಶೂ ಹಾಕಿಸಿ. ಶೆಡ್ ಬಾಗಿಲಿಗೆ ಅಡ್ಡ ಗಾಡಿ ನಿಲ್ಲಿಸಬೇಡಿ, ಹೊಗೆ ಹೊರಗೆ ಹೋಗಬೇಕಲ್ವಾ. ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ, ಊಟ ನಮ್ಮನೆಯಲ್ಲೇ.